ಠಾಣೆಗೆ ಯಾರ ಕಡೆಯಿಂದ?

ನಮ್ಮ ಕಡೆಯವರಿಗೆ ಯಾರ ಹಂಗೂ ಬೇಡ ಎನ್ನುವ ಹೆಮ್ಮೆ ಸ್ವಲ್ಪ ಜಾಸ್ತಿಯೇ. ಬ್ಯಾಂಕ್ ಬೇಕಾದಾಗ 1906ರಲ್ಲೇ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ತಾವೇ ಕಟ್ಟಿಕೊಂಡವರು. ಜಾಗದ ತಕರಾರು ಬಂದರೂ ಪೊಲೀಸರಿಗಿಂತ ಮೊದಲು "ಕಾನತ್ತೂರಿಗೆ ಹೋಗ್ತೇನೆ" ಎನ್ನುವ ಮಾತು ಬರುತ್ತದೆ, ಅಂದರೆ ತಕರಾರು ತೀರ್ಮಾನಕ್ಕೆ ಅಲ್ಲಿನ ದೈವಸ್ಥಾನಕ್ಕೆ. ದೈವದ ಎದುರು ಸುಳ್ಳು ಹೇಳಲು ಹೆದರುವವನು ಎಸ್‌ಐ ಎದುರು ಅಷ್ಟೊಂದು ಹೆದರುವುದಿಲ್ಲ. ಇದು ನನಗೆ ಇಷ್ಟವೇ. ಆದರೆ ಇಷ್ಟು ಸ್ವಾಭಿಮಾನದ ಜನ ಠಾಣೆಯ ಮೆಟ್ಟಿಲು ಹತ್ತುವಾಗ ಮಾತ್ರ ಯಾಕೆ ಇನ್ನೊಬ್ಬರ ಹೆಸರು ಹಿಡಿದುಕೊಂಡು ಹೋಗುತ್ತಾರೆ?

ಉಡುಪಿ ಹತ್ತಿರದ ನಮ್ಮೂರಲ್ಲಿ ಹರಕೆಯ ಬಯಲಾಟ ಇತ್ತು. ಮೈಕಿಗೆ ಪರ್ಮಿಷನ್ ಬೇಕು. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕಬಾರದು ಎನ್ನುವುದು 2000ದ ನಿಯಮ. ಆಟ ಶುರುವಾಗಿ ರಂಗೇರುವುದೇ ಆ ಹೊತ್ತಿಗೆ! ಅರ್ಜಿ ಬರೆದು ಹೊರಟರೆ ಮಾವ ತಡೆದರು. "ಸುಮ್ನೆ ಒಬ್ನೇ ಹೋಗ್ಬೇಡ ಮಾರಾಯ. ಮೊದಲು ಯಾರತ್ರಾದ್ರೂ ಒಂದು ಫೋನ್ ಮಾಡಿಸುವ." ಫೋನ್ ಆಯಿತು. ಠಾಣೆಯಲ್ಲಿ ಉತ್ತರ ಕರ್ನಾಟಕದ ಕಾನ್ಸ್‌ಟೇಬಲ್ ಒಬ್ಬರು "ಕುಂದ್ರಿ ಸರ" ಎಂದು ಕುರ್ಚಿ ತೋರಿಸಿದರು. ಮರ್ಯಾದೆಗೆ ಏನೂ ಕಮ್ಮಿ ಇಲ್ಲ. ಅರ್ಜಿ ಓದುವ ಮೊದಲೇ ಕೇಳಿದರು, "ಯಾರ ಕಡಿಂದ ಬಂದೀರಿ?" ಅವರನ್ನು ಏನು ಬೈಯುವುದು? ಬಂದವರೆಲ್ಲ ಯಾರದೋ ಕಡೆಯಿಂದಲೇ ಬಂದರೆ ಅವರಿಗೂ ಅದೇ ಅಭ್ಯಾಸ ಆಗುತ್ತದೆ. ಮಾವ ತುಳುವಿನಲ್ಲಿ ಗೊಣಗಿದರು. ಅದು ಅವರಿಗೆ ಅರ್ಥವಾಗಲಿಲ್ಲ, ಪುಣ್ಯ.

ನಾನಿರುವುದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಅಲ್ಲಿನ ಪೊಲೀಸರು ಭಾರೀ ಒಳ್ಳೆಯವರು ಎಂದು ಹೇಳಲು ಹೊರಟಿಲ್ಲ. ಆದರೆ ಪಕ್ಕದ ಭಿವಂಡಿಯ ಕತೆ ನಮ್ಮವರು ಕೇಳಬೇಕು. ಅದು ಪವರ್‌ಲೂಮ್‌ಗಳ ಊರು. 1970ರಲ್ಲಿ, ಮತ್ತೆ 1984ರಲ್ಲಿ ದೊಡ್ಡ ಕೋಮುಗಲಭೆ ಕಂಡ ಊರು. 1988ರಲ್ಲಿ ಡಿಸಿಪಿಯಾಗಿ ಬಂದ ಸುರೇಶ್ ಖೋಪಡೆ ಮೊಹಲ್ಲಾ ಕಮಿಟಿಗಳನ್ನು ಕಟ್ಟಿದರು. ಹಿಂದೂ, ಮುಸ್ಲಿಂ ಎರಡೂ ಸಮುದಾಯದವರು ಪೊಲೀಸರ ಜೊತೆ ಆಗಾಗ ಕೂರುವುದು, ನೀರು, ಚರಂಡಿ, ಗಂಡ ಹೆಂಡತಿ ಜಗಳ ಎಲ್ಲ ಅಲ್ಲೇ ಮಾತಾಡುವುದು. ಪುಢಾರಿಗಳಿಗಿಂತ ಸಾಮಾನ್ಯ ಜನರೇ ಇರಬೇಕು ಎನ್ನುವುದು ಅವರ ಹಟ. 1992-93ರ ಮುಂಬಯಿ ಕೋಮುಗಲಭೆಯಲ್ಲಿ 900 ಜನ ಸತ್ತರು ಎಂದು ಅದರ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗ ಲೆಕ್ಕ ಕೊಟ್ಟಿತು. ಆಗ ಭಿವಂಡಿ ತಣ್ಣಗಿತ್ತು.

ಅಲ್ಲಿಗೆ ಕತೆ ಮುಗಿಯಲಿಲ್ಲ. 2006ರಲ್ಲಿ ಅದೇ ಊರಲ್ಲಿ ಪೊಲೀಸ್ ಠಾಣೆ ಕಟ್ಟುವ ಜಾಗದ ವಿಷಯಕ್ಕೇ ಗಲಾಟೆ ಎದ್ದು ಗೋಲಿಬಾರ್ ಆಯಿತು, ಇಬ್ಬರು ಪೊಲೀಸರ ಕೊಲೆಯೂ ಆಯಿತು. ಒಬ್ಬ ಅಧಿಕಾರಿಯ ಉತ್ಸಾಹದಲ್ಲಿ ಶುರುವಾದದ್ದು ಅವರ ವರ್ಗಾವಣೆಯ ನಂತರವೂ ಹಾಗೇ ನಡೆಯುತ್ತದೆ ಎಂದು ಯಾರೂ ನಂಬಿ ಕೂರಬಾರದು.

ಮಂಗಳೂರಿನಲ್ಲೂ ಶಾಂತಿ ಸಭೆ ಇದೆಯಲ್ಲ ಎನ್ನುತ್ತೀರಿ. ಇದೆ. ಹಬ್ಬದ ಮುಂಚೆ, ಇಲ್ಲವೇ ಹೆಣ ಬಿದ್ದ ಮೇಲೆ. ಎದುರಿನ ಸಾಲಿನಲ್ಲಿ ಅವೇ ಮುಖಗಳು, ಅವೇ ಭಾಷಣ, ಕೊನೆಗೆ ಚಾ. 2019ರ ಡಿಸೆಂಬರ್ ಗೋಲಿಬಾರಿನಲ್ಲಿ ಇಬ್ಬರು ಸತ್ತರು, ಆ ಸಿಟ್ಟು ಇನ್ನೂ ಕೆಲವರ ಮನಸ್ಸಿನಲ್ಲಿದೆ. 2025ರಲ್ಲಿ ಕೋಮು ಹಿಂಸೆ ತಡೆಯಲು ವಿಶೇಷ ಕಾರ್ಯಪಡೆ ಬಂತು. ಬೇಕಿತ್ತು, ಒಪ್ಪುತ್ತೇನೆ. ಆದರೆ ಅದರ ಕೆಲಸ ಶುರುವಾಗುವುದು ಮಾತು ಮುರಿದ ಮೇಲೆ. ಅದೇ ವರ್ಷ ಸರ್ಕಾರ ಶುರು ಮಾಡಿದ 'ಮನೆ ಮನೆಗೆ ಪೊಲೀಸ್' ಮೇಲೆ ನನಗೆ ಜಾಸ್ತಿ ಆಸೆ. ಮನೆ ಬಾಗಿಲಿಗೇ ಬಂದ ಕಾನ್ಸ್‌ಟೇಬಲ್ "ಯಾರ ಕಡೆ" ಎಂದು ಕೇಳಲಾರ, ಅಲ್ವಾ?

ಅದರ ಜೊತೆಗೆ ಸಭೆಯ ಕುರ್ಚಿಗಳೂ ಬದಲಾಗಲಿ. ಸಿಟಿ ಬಸ್ಸಿನ ಕಂಡಕ್ಟರ್, ರಿಕ್ಷಾ ಪಾರ್ಕಿನ ಹುಡುಗ, ಬಂದರಿನಲ್ಲಿ ಮೀನು ಮಾರುವ ಅಕ್ಕ ಬರಲಿ. ಯಾವ ಗಲ್ಲಿಯಲ್ಲಿ ಏನು ಕುದಿಯುತ್ತಿದೆ ಎನ್ನುವುದು ಮುಖಂಡರಿಗಿಂತ ಮೊದಲು ಇವರಿಗೆ ಗೊತ್ತಾಗುತ್ತದೆ. ತುಳು, ಬ್ಯಾರಿ, ಕೊಂಕಣಿ ಯಾವುದರಲ್ಲೂ ಮಾತಾಡಲಿ, ಕನ್ನಡಕ್ಕೆ ಹೇಳಲು ಒಬ್ಬರು ಇದ್ದರಾಯಿತು. ಮಲ್ಪೆಯಿಂದ ಶುರು ಮಾಡುವುದಾದರೆ ಮಳೆಗಾಲ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಬೋಟಿನವರಿಗೆ ಕೂತು ಮಾತಾಡಲು ಪುರುಸೊತ್ತು ಇರುವುದು ಆಗಲೇ.