ಮಗುವಿಗೆ ಶೂ ಕೊಡುವ ಮೊದಲು ಅದರ ಅಮ್ಮನ ಸಂಬಳ ಕೇಳಿ

ಬಟ್ಟೆ, ಚಪ್ಪಲಿ ಮಾರುವ ಅಂಗಡಿಯೇ ಬಡ ಮಕ್ಕಳಿಗೂ ಆಸರೆಯಾಗಬೇಕು ಅನ್ನುವ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಇನ್‌ಸ್ಟಾಗ್ರಾಮ್ ತೆರೆದರೆ ಸಾಕು, "ನೀವೊಂದು ಕುರ್ತಾ ಕೊಳ್ಳಿ, ನಾವೊಂದು ಮಗುವಿಗೆ ಯೂನಿಫಾರ್ಮ್ ಕೊಡ್ತೀವಿ" ಅನ್ನುವ ಜಾಹೀರಾತು. ಹೋದ ವಾರ ನನ್ನ ಸ್ನೇಹಿತೆಯ ಮಗಳು ಫೋನ್ ಮಾಡಿದ್ದಳು. ದಾವಣಗೆರೆಯಲ್ಲಿ ಮಕ್ಕಳ ಬಟ್ಟೆ ಅಂಗಡಿ ಶುರು ಮಾಡುತ್ತಿದ್ದಾಳೆ. "ಆಂಟಿ, ಒಂದು ಫ್ರಾಕ್ ಮಾರಿದ್ರೆ ಒಂದು ಫ್ರಾಕ್ ಸರ್ಕಾರಿ ಶಾಲೆ ಮಗುಗೆ ಕೊಡೋಣ ಅಂತಿದೀನಿ. ಏನಂತೀರಿ?" ಅಂದಳು. ನಾನು ಪೀಣ್ಯದ ಆಸುಪಾಸಿನ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವವಳು. ನನ್ನ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳ ಅಮ್ಮಂದಿರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅದಕ್ಕೇ ನನ್ನನ್ನು ಕೇಳಿದ್ದು. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ, ಅವಳ ಹಾಗೆ ಯೋಚಿಸುವ ಇನ್ನೂ ಎಷ್ಟೋ ಜನರಿದ್ದಾರೆ.

ಈ ಯೋಚನೆಗೆ ಜಗತ್ತಿಗೆಲ್ಲ ಮಾದರಿಯಾಗಿದ್ದು ಅಮೆರಿಕದ ಟಾಮ್ಸ್ ಶೂ ಕಂಪನಿ. 2006ರಲ್ಲಿ ಅರ್ಜೆಂಟೀನಾಕ್ಕೆ ಹೋಗಿದ್ದ ಬ್ಲೇಕ್ ಮೈಕೋಸ್ಕಿ ಅಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳನ್ನು ನೋಡಿದರು. ಆ ದೇಶದ ರೈತರು ಹಾಕಿಕೊಳ್ಳುವ ಅಲ್ಪರ್ಗಾಟ ಎಂಬ ಬಟ್ಟೆಯ ಶೂವನ್ನೇ ಒಂದಿಷ್ಟು ಚೆಂದ ಮಾಡಿ ಅಮೆರಿಕದಲ್ಲಿ ಮಾರುವುದು, ಒಂದು ಜೊತೆ ಹೋದರೆ ಇನ್ನೊಂದು ಜೊತೆ ಬಡ ಮಗುವಿಗೆ ಕೊಡುವುದು, ಇಷ್ಟೇ ಲೆಕ್ಕ. ಅದೇ ವರ್ಷ ಹತ್ತು ಸಾವಿರ ಜೊತೆ ಶೂ ಹೊತ್ತುಕೊಂಡು ಅರ್ಜೆಂಟೀನಾಕ್ಕೆ ವಾಪಸ್ ಹೋದರು. 2011ರಲ್ಲಿ ಕನ್ನಡಕವೂ ಸೇರಿತು. ಕೊನೆಗೆ ಹಂಚಿದ ಶೂ ಹತ್ತು ಕೋಟಿ ಜೊತೆಯ ಹತ್ತಿರ ಬಂತು. ಕಾಲೇಜು ಹುಡುಗ ಹುಡುಗಿಯರು ಆ ಶೂ ಹಾಕಿಕೊಂಡು ಓಡಾಡುವುದನ್ನೇ ಹೆಮ್ಮೆ ಅಂದುಕೊಂಡರು. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ತಾನು ಹಾಕಿಕೊಳ್ಳುವ ಶೂ ಬೇರೆ ಯಾರಿಗೋ ಉಪಯೋಗಕ್ಕೆ ಬರಲಿ ಅಂತ ಇಪ್ಪತ್ತು ವರ್ಷದ ಮಕ್ಕಳು ಬಯಸುವುದು ಒಳ್ಳೆಯ ಗುಣವೇ.

ಆದರೆ ಆ ಶೂ ತಲುಪಿದ ಮನೆಯಲ್ಲಿ ಏನಾಯಿತು? ಇದನ್ನು ಕಂಪನಿಯ ಒಪ್ಪಿಗೆಯಿಂದಲೇ ಒಂದು ತಂಡ ಪರೀಕ್ಷೆ ಮಾಡಿ ನೋಡಿತು. ಅರ್ಥಶಾಸ್ತ್ರಜ್ಞ ಬ್ರೂಸ್ ವೈಡಿಕ್ ಮತ್ತು ಅವರ ಸಂಗಡಿಗರು ಎಲ್ ಸಾಲ್ವಡಾರ್ ದೇಶದ 18 ಹಳ್ಳಿಗಳ 1,578 ಮಕ್ಕಳನ್ನು ಗಮನಿಸಿದರು. ಕೆಲವು ಹಳ್ಳಿಗೆ ಶೂ ಕೊಟ್ಟರು, ಕೆಲವು ಹಳ್ಳಿಗೆ ಆಮೇಲೆ ಕೊಡುತ್ತೇವೆ ಅಂದರು, ಎರಡನ್ನೂ ಹೋಲಿಸಿದರು. ಮಕ್ಕಳು ಶೂ ಇಷ್ಟಪಟ್ಟು ಹಾಕಿಕೊಂಡರು. ಊರಿನ ಶೂ ವ್ಯಾಪಾರಿಗೆ ಬಿದ್ದ ಪೆಟ್ಟೂ ಜನ ಹೆದರಿದಷ್ಟು ಇರಲಿಲ್ಲ. ಆದರೆ ಆರೋಗ್ಯದಲ್ಲಾಗಲಿ, ಮಕ್ಕಳ ಆತ್ಮವಿಶ್ವಾಸದಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಬಹಳಷ್ಟು ಮಕ್ಕಳ ಹತ್ತಿರ ಮೊದಲೇ ಒಂದು ಜೊತೆ ಶೂ ಇತ್ತು! ನನ್ನ ಮನಸ್ಸಿನಲ್ಲಿ ನಿಂತದ್ದು ಇನ್ನೊಂದು ಅಂಕಿ. "ನಮ್ಮ ಮನೆಯ ಅಗತ್ಯಗಳನ್ನು ಬೇರೆಯವರು ಪೂರೈಸಬೇಕು" ಅನ್ನುವ ಮಾತಿಗೆ ಶೂ ಸಿಗದ ಮಕ್ಕಳಲ್ಲಿ ಶೇಕಡಾ 66ರಷ್ಟು ಒಪ್ಪಿದರೆ, ಶೂ ಸಿಕ್ಕವರಲ್ಲಿ ಶೇಕಡಾ 79ರಷ್ಟು ಒಪ್ಪಿದ್ದರು.

ಈ ಫಲಿತಾಂಶವನ್ನು ಆ ಕಂಪನಿ ಮುಚ್ಚಿಡಲಿಲ್ಲ, ಅದನ್ನು ಮೆಚ್ಚಬೇಕು. ಮಕ್ಕಳಿಗೆ ಬೇಕಾದ ಸ್ಪೋರ್ಟ್ಸ್ ಶೂ, ಚಳಿ ಪ್ರದೇಶಕ್ಕೆ ಬೂಟು ಕೊಡಲು ಶುರುಮಾಡಿದರು. ಹಂಚುವ ದೇಶಗಳಲ್ಲೇ ಒಂದಷ್ಟು ಶೂ ತಯಾರಿಸಿ ಅಲ್ಲಿನವರಿಗೆ ಕೆಲಸ ಕೊಡುವ ದಾರಿಯನ್ನೂ ಹಿಡಿದರು. ಅಷ್ಟರಲ್ಲಿ ವ್ಯಾಪಾರ ಕುಸಿಯಿತು. 2014ರಲ್ಲಿ ಬೇನ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆ ಅರ್ಧ ಪಾಲು ಕೊಂಡಿತ್ತು, 2019ರ ಕೊನೆಗೆ ಕಂಪನಿ ಸಾಲ ಕೊಟ್ಟವರ ಕೈಗೆ ಹೋಯಿತು. ಒಂದಕ್ಕೊಂದು ಕೊಡುವ ಪದ್ಧತಿಯೂ ನಿಂತಿತು. ಈಗ ಲಾಭದಲ್ಲಿ ಮೂರರಲ್ಲೊಂದು ಪಾಲು ಮಾನಸಿಕ ಆರೋಗ್ಯದಂಥ ಕೆಲಸ ಮಾಡುವ ಸಂಸ್ಥೆಗಳಿಗೆ ಹೋಗುತ್ತದೆ. ಮಗುವಿನ ಕಾಲಿನ ಶೂ ಅಮೆರಿಕದ ಫ್ಯಾಷನ್ನಿನ ಮೇಲೆ ನಿಂತಿದ್ದರೆ, ಫ್ಯಾಷನ್ ಬದಲಾದ ದಿನ ಶೂವೂ ನಿಲ್ಲುತ್ತದೆ.

ಹಾಗಂತ ಶೂ ಬೇಡವೇ ಬೇಡ ಅನ್ನಲಾರೆ. ಇಥಿಯೋಪಿಯಾದ ಎತ್ತರದ ಪ್ರದೇಶಗಳಲ್ಲಿ ಜ್ವಾಲಾಮುಖಿಯಿಂದಾದ ಕೆಮ್ಮಣ್ಣಿದೆ. ವರ್ಷಗಟ್ಟಲೆ ಅದರಲ್ಲಿ ಬರಿಗಾಲಲ್ಲಿ ದುಡಿದವರಲ್ಲಿ ಕೆಲವರಿಗೆ ಪೋಡೋಕೋನಿಯೋಸಿಸ್ ಎಂಬ ಕಾಯಿಲೆ ಬರುತ್ತದೆ. ನೋಡುವುದಕ್ಕೆ ನಮ್ಮ ಆನೆಕಾಲು ರೋಗದ ಹಾಗೇ, ಆದರೆ ಸೊಳ್ಳೆಯಿಂದ ಬರುವುದಲ್ಲ, ಮಣ್ಣಿನಿಂದ ಬರುವುದು. ಚಿಕ್ಕಂದಿನಿಂದ ಶೂ ಹಾಕಿಸಿ, ಕಾಲು ತೊಳೆಯುವ ಅಭ್ಯಾಸ ಮಾಡಿಸಿದರೆ ತಡೆಯಬಹುದು. ಅಂಥ ಕಡೆ ಒಂದು ಜೊತೆ ಶೂ ಅಂದರೆ ಔಷಧಿಯೇ. ಎಲ್ಲಿ ಯಾಕೆ ಬೇಕು ಅಂತ ಮೊದಲು ತಿಳಿದುಕೊಂಡು ಕೊಟ್ಟರೆ ಕೊಟ್ಟದ್ದು ಸಾರ್ಥಕ.

ನಮ್ಮ ಕಡೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಒಂದು ಕಂಪನಿಯವರು ನಮ್ಮ ಶಾಲೆಗೆ ಶೂ ಹಂಚಲು ಬಂದರು. ಬ್ಯಾನರ್, ಕ್ಯಾಮೆರಾ, ಎಲ್ಲರಿಗೂ ಒಂದೇ ಬಣ್ಣದ ಟಿ-ಶರ್ಟ್. ಮಕ್ಕಳನ್ನು ಬೆಳಗಿನ ಪ್ರಾರ್ಥನೆ ಮುಗಿದ ಮೇಲೂ ಬಿಸಿಲಲ್ಲೇ ಸಾಲು ನಿಲ್ಲಿಸಿದರು. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ, ಅವರಪ್ಪ ದೀಪಾವಳಿಗೆ ಕೊಡಿಸಿದ್ದ ಶೂ ಹಾಕಿಕೊಂಡು ಬಂದಿದ್ದ. ಅದನ್ನು ಬಿಚ್ಚಿ ಬರಿಗಾಲಲ್ಲಿ ನಿಲ್ಲು ಅಂದರು, ಫೋಟೋ ಚೆನ್ನಾಗಿ ಬರಲಿ ಅಂತ. ಅವನು ಬಿಚ್ಚಿದ ಶೂವನ್ನು ಎದೆಗವಚಿಕೊಂಡು ಬಿಡಲೇ ಇಲ್ಲ. ಕೊಟ್ಟ ಶೂ ಅವನ ಕಾಲಿಗಿಂತ ಎರಡು ಸೈಜ್ ದೊಡ್ಡದು. ಅಪ್ಪ ದುಡಿದು ತಂದದ್ದು ಆ ಹುಡುಗನಿಗೆ ಎಷ್ಟು ದೊಡ್ಡದಾಗಿತ್ತು ಅಂತ ಬಂದವರಿಗೆ ತಿಳಿಯಲಿಲ್ಲ, ಅದು ನನಗೆ ಇವತ್ತಿಗೂ ಸಂಕಟ.

ನಮ್ಮ ಸರ್ಕಾರದ ಶೂ ಭಾಗ್ಯ ಯೋಜನೆಯಲ್ಲಿ ಹತ್ತನೇ ತರಗತಿವರೆಗಿನ ಸರ್ಕಾರಿ ಶಾಲೆ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಇದೆ. ದುಡ್ಡು ಶಾಲೆಗೆ ಬರುತ್ತದೆ, ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಕೂತು ಮಾತಾಡಿ ಹತ್ತಿರದಲ್ಲೇ ಕೊಳ್ಳುತ್ತಾರೆ. ನಾವು ಮಕ್ಕಳ ಕಾಲನ್ನು ಹಾಳೆಯ ಮೇಲೆ ಇಟ್ಟು ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ಅಳತೆ ತೆಗೆಯುತ್ತೇವೆ. ಕುಂದುಕೊರತೆ ಇಲ್ಲವೆಂದಲ್ಲ. ಆದರೂ ಅದು ಮಗುವಿನ ಹಕ್ಕಾಗಿ ಬರುತ್ತದೆ, ಯಾರಿಗೂ ಥ್ಯಾಂಕ್ಯೂ ಸರ್ ಅನ್ನಬೇಕಾಗಿಲ್ಲ. ಈ ಪದ್ಧತಿಯೇ ನನಗೆ ಇಷ್ಟ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಫ್ಯಾಷನ್ ಅಂಗಡಿ ಬಡ ಮಗುವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅದು ಮಾರುವ ಅಂಗಿಯ ಹೊಲಿಗೆಯ ಹಿಂದೆಯೇ ಒಂದು ಮಗುವಿದೆ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ಹೊಲಿದ ಬಟ್ಟೆ ಲಂಡನ್, ನ್ಯೂಯಾರ್ಕಿನ ಅಂಗಡಿಗಳಲ್ಲಿ ತೂಗುತ್ತದೆ. ಹೊಲಿದವಳ ಮಗಳು ನನ್ನ ಐದನೇ ಕ್ಲಾಸಿನಲ್ಲಿ ಕೂತಿರುತ್ತಾಳೆ. ಅಂಥ ಒಬ್ಬ ಹುಡುಗಿ ಲೆಕ್ಕದಲ್ಲಿ ಬಹಳ ಚುರುಕು. ಅವಳು ಯಾವಾಗ ಗೈರುಹಾಜರಾಗುತ್ತಾಳೆ ಅಂತ ನೋಡಿದರೆ, ಅವಳ ಪುಟ್ಟ ತಮ್ಮನಿಗೆ ಜ್ವರ ಬಂದ ದಿನಗಳೆಲ್ಲ ಹಾಜರಿ ಪುಸ್ತಕದಲ್ಲಿ ಖಾಲಿ. ಅಮ್ಮ ರಜೆ ಹಾಕಿದರೆ ಸಂಬಳದ ಜೊತೆ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಪೋಷಕರ ಸಭೆಗೂ ಬರಲಾಗದೆ ಆ ತಾಯಿ ಒಂದು ಭಾನುವಾರ ನನ್ನ ಮನೆಗೇ ಬಂದಿದ್ದರು. "ಮಿಸ್, ಬ್ಯಾಚಲ್ಲಿ ಒಬ್ಬಳು ಕಮ್ಮಿಯಾದ್ರೂ ಟಾರ್ಗೆಟ್ ಆಗಲ್ಲ, ಸೂಪರ್‌ವೈಸರ್ ಎಲ್ಲರ ಮುಂದೆ ಬೈತಾರೆ. ಮಗಳನ್ನ ಶಾಲೆ ಬಿಡಿಸ್ಬೇಕು ಅಂತ ನಮಗೇನು ಆಸೆಯಾ?" ಅಂದರು. ಆ ಹುಡುಗಿಗೆ ಬೇಕಾದದ್ದು ಫ್ರಾಕ್ ಅಲ್ಲ. ಅಮ್ಮನ ಕಾರ್ಖಾನೆಯಲ್ಲಿ ತಮ್ಮನನ್ನು ಬಿಡಲು ನೆಮ್ಮದಿಯ ಒಂದು ಕೂಸಿನಮನೆ, ಜ್ವರ ಬಂದರೆ ಅಮ್ಮನಿಗೊಂದು ಸಂಬಳದ ರಜೆ.

ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಕಾಗದದ ಮೇಲೆ ಇರುವುದು ಬೇರೆ, ಹಾಲು ಕುಡಿಯುವ ಕೂಸನ್ನು ಬೆಳಗ್ಗೆ ಕಿಕ್ಕಿರಿದ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವುದು ಬೇರೆ. ಎಷ್ಟೋ ಮಕ್ಕಳು ಮಾಗಡಿ, ಕುಣಿಗಲ್, ತುರುವೇಕೆರೆ ಕಡೆಯ ಹಳ್ಳಿಗಳಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿವೆ.

2016ರ ಏಪ್ರಿಲ್ ನಿಮಗೆ ನೆನಪಿರಬಹುದು. ಪಿಎಫ್ ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಯಾವ ನಾಯಕರೂ ಕರೆಯದೆ ಹೊಸೂರು ರಸ್ತೆಗೆ ಇಳಿದರು. ಎರಡನೇ ದಿನ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಊರಿನವರು ಟ್ರಾಫಿಕ್ ಜಾಮ್ ಅಂತ ಬೈದುಕೊಂಡರು. ನಮ್ಮ ಶಾಲೆಯ ಸುತ್ತಮುತ್ತಲಿನವರಿಗೆ ಅದರ ಅರ್ಥ ಗೊತ್ತಿತ್ತು. ಆ ಪಿಎಫ್ ದುಡ್ಡೇ ಮಗನ ಪಿಯುಸಿ ಫೀಸು, ಮಗಳ ನರ್ಸಿಂಗ್ ಸೀಟು, ಗಂಡನ ಆಸ್ಪತ್ರೆ ಬಿಲ್ಲು.

ಅದಾದ ನಾಲ್ಕು ವರ್ಷಕ್ಕೆ ಇನ್ನೊಂದು. 2020ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಕನಿಷ್ಠ ವೇತನಕ್ಕೆ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ ಸೇರಬೇಕಿತ್ತು. ತಿಂಗಳಿಗೆ 26 ದಿನದ ಕೆಲಸ ಅಂದರೆ ದಿನಕ್ಕೆ 16 ರೂಪಾಯಿ, ಒಂದು ಲೋಟ ಟೀ ಖರ್ಚು. ದೊಡ್ಡ ದೊಡ್ಡ ಬ್ರ್ಯಾಂಡ್‌ಗಳಿಗೆ ಹೊಲಿದುಕೊಡುವ ಕಾರ್ಖಾನೆಗಳು ಅದನ್ನೂ ಕೊಡಲಿಲ್ಲ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಬಾಕಿ ಸಮೇತ ಕೊಡಿ ಅಂದ ಮೇಲೂ ಬಹುತೇಕರು ಕೈ ಬಿಚ್ಚಿದ್ದು 2022ರ ಹೊತ್ತಿಗೆ. ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ಸಂಸ್ಥೆಯ ಪ್ರಕಾರ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರ ದುಡ್ಡು ಅದು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಫೋನ್ ಇಲ್ಲದೆ ಮಕ್ಕಳು ಹಿಂದೆ ಬಿದ್ದರಲ್ಲ, ಆಗ ಆ ಬಾಕಿ ಕೈಸೇರಿದ್ದರೆ ಎಷ್ಟು ಮನೆಗೆ ಒಂದು ಫೋನ್ ಬರುತ್ತಿತ್ತು! ಈ ಲೆಕ್ಕವನ್ನು ಬಿಟ್ಟು ಮಕ್ಕಳಿಗೆ ಉಡುಗೊರೆ ಕೊಡುವ ಬ್ರ್ಯಾಂಡನ್ನು ನಾನು ಹೊಗಳಲಾರೆ.

ಹೊಲಿಗೆಯಿಂದ ಇನ್ನೂ ಹಿಂದಕ್ಕೆ, ಹತ್ತಿ ಹೊಲಕ್ಕೆ ಹೋದರೆ ಅಲ್ಲೂ ಮಕ್ಕಳೇ. ಕೊಪ್ಪಳ, ಗದಗ ಕಡೆಯವರಿಗೆ ಕ್ರಾಸಿಂಗ್ ಕೆಲಸ ಅಂದರೆ ಗೊತ್ತು. ಹೈಬ್ರಿಡ್ ಹತ್ತಿ ಬೀಜ ಬೇಕಾದರೆ ಸಂಜೆ ಒಂದೊಂದೇ ಮೊಗ್ಗಿನ ಎಸಳು ಬಿಡಿಸಿ ಗಂಡು ಕೇಸರ ಕೀಳಬೇಕು, ಮರುದಿನ ಬೆಳಗ್ಗೆ ಬೇರೆ ತಳಿಯ ಹೂ ತಂದು ಅದರ ಮೇಲೆ ಉಜ್ಜಬೇಕು. ದಿನವೂ ಸಾವಿರಾರು ಹೂವಿಗೆ. ಸಣ್ಣ ಬೆರಳು ಬೇಕು, ಕಡಿಮೆ ಕೂಲಿ ಸಾಕು ಅಂತ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಕರೆದೊಯ್ದದ್ದು ಈ ರಾಜ್ಯದಲ್ಲೇ. "ಶುದ್ಧ ಹತ್ತಿ" ಅಂತ ಚೀಟಿ ಹಾಕುವ ಅಂಗಡಿಯವರು ಬೀಜ ಎಲ್ಲಿಂದ ಬಂತು ಅಂತ ಕೇಳಿದ್ದನ್ನು ನಾನು ಕಾಣೆ.

ಫೋನಿನಲ್ಲಿ ಇದನ್ನು ಕೇಳಿ ನನ್ನ ಸ್ನೇಹಿತೆಯ ಮಗಳು ಸುಮ್ಮನಾಗಿಬಿಟ್ಟಳು. "ಹಾಗಾದ್ರೆ ಏನೂ ಮಾಡ್ಲೇಬಾರ್ದಾ ಆಂಟಿ?" ಅಂದಳು. ಮಾಡಲೇಬೇಕು ಮಗಳೇ. ಮಾಡಿದವರೂ ಇದ್ದಾರೆ. ಅಂಶು ಗುಪ್ತಾ 1999ರಲ್ಲಿ ದೆಹಲಿಯಲ್ಲಿ ಶುರು ಮಾಡಿದ ಗೂಂಜ್ ಸಂಸ್ಥೆ ನಗರದವರ ಹಳೆಯ ಬಟ್ಟೆಯನ್ನು ಹಳ್ಳಿಗೆ ಒಯ್ಯುತ್ತದೆ, ಆದರೆ ಭಿಕ್ಷೆಯಾಗಿ ಕೊಡುವುದಿಲ್ಲ. ಊರಿನವರೇ ಕೂತು ಬಾವಿ ತೋಡೋಣ, ದಾರಿ ಸರಿಮಾಡೋಣ ಅಂತ ತೀರ್ಮಾನಿಸಿ ದುಡಿಯುತ್ತಾರೆ, ಬಟ್ಟೆ ಅದಕ್ಕೆ ಸಲ್ಲುವ ಗೌರವ. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಹೆಗ್ಗೋಡಿನ ಚರಕ ಎಂಬ ಮಹಿಳಾ ಸಹಕಾರಿ ಸಂಘದಲ್ಲಿ ಮಲೆನಾಡಿನ ಹೆಂಗಸರು ತಮ್ಮ ಊರಲ್ಲೇ ಇದ್ದು ನೇಯುತ್ತಾರೆ, ಅಡಿಕೆ ಚೊಗರಿನಲ್ಲಿ ಬಣ್ಣ ಹಾಕುತ್ತಾರೆ, ಹೊಲಿಯುತ್ತಾರೆ, ದೇಸಿ ಎಂಬ ಹೆಸರಿನ ಅಂಗಡಿಗಳಲ್ಲಿ ಅದು ಮಾರಾಟವಾಗುತ್ತದೆ. ಆ ಜುಬ್ಬಾ ಕೊಂಡವರು ಯಾವ ಮಗುವಿಗೂ ದಾನ ಮಾಡಲಿಲ್ಲ. ಆದರೆ ಒಬ್ಬ ತಾಯಿ ಸಂಜೆ ತನ್ನ ಮನೆಗೇ ಹೋಗಿ ಮಗುವಿನ ಜೊತೆ ಊಟ ಮಾಡಿದಳು. ನನ್ನ ಮಟ್ಟಿಗೆ ಮಕ್ಕಳ ಸೇವೆ ಅಂದರೆ ಅದೇ. 2020ರಲ್ಲಿ ಚರಕ ತಾನು ದಿವಾಳಿಯಾಗಿದ್ದೇನೆ ಅಂತ ಹೇಳಿಕೊಳ್ಳಬೇಕಾಗಿ ಬಂದಿತ್ತು. ಇಂಥ ಅಂಗಡಿಗೆ ಹೊಗಳಿಕೆಗಿಂತ ಗಿರಾಕಿ ಮುಖ್ಯ ಅನ್ನುವುದನ್ನು ನಾವೆಲ್ಲ ನೆನಪಿಡಬೇಕು.

ಕೊನೆಗೆ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಅವಳ ಫ್ರಾಕ್ ಹೊಲಿಯುವವರು ದಾವಣಗೆರೆಯಲ್ಲೇ ಮನೆಯಲ್ಲಿ ಮೆಷಿನ್ ಇಟ್ಟುಕೊಂಡ ಹೆಂಗಸರು. ಉಚಿತ ಫ್ರಾಕಿಗೆ ಎತ್ತಿಟ್ಟ ಹಣವನ್ನು ಅವರ ಪೀಸ್ ರೇಟಿಗೇ ಸೇರಿಸಿದರೆ ಒಂದು ಪೀಸಿನ ಹೊಲಿಗೆಗೆ ಸಿಗುವುದು ಒಂದೂವರೆ ಪಟ್ಟಾಗುತ್ತದೆ. ದುಡ್ಡು ಪ್ರತಿ ಶನಿವಾರ ತಪ್ಪದೆ ಕೊಡುವುದು, ಬಟ್ಟೆಗೆ ಹಾಕುವ ಚೀಟಿಯಲ್ಲಿ ಹೊಲಿಗೆ ಕೂಲಿ ಇಷ್ಟು ಅಂತ ಬರೆಯುವುದು, ಯಾವ ಮಗುವಿನ ಫೋಟೋವನ್ನೂ ಹಾಕದಿರುವುದು ಅಂತ ಅವಳೇ ತೀರ್ಮಾನಿಸಿದಳು. ಲಾಭ ಬಂದ ವರ್ಷ ಆ ಹೆಂಗಸರ ಮಕ್ಕಳ ಶಾಲೆಯನ್ನು ಏನು ಬೇಕು ಅಂತ ಕೇಳಿ ಕೊಡುತ್ತಾಳಂತೆ.

ನನ್ನ ಸ್ನೇಹಿತರ ಪಟ್ಟಿಯಲ್ಲಿ ಬೆಂಗಳೂರಿನಲ್ಲಿ ಬ್ರ್ಯಾಂಡ್‌ಗಳ ಪರವಾಗಿ ಕಾರ್ಖಾನೆಗಳಿಗೆ ಆರ್ಡರ್ ಕೊಡುವ ಸೋರ್ಸಿಂಗ್ ಆಫೀಸಿನಲ್ಲಿ ಕೆಲಸ ಮಾಡುವವರು ಇದ್ದೀರಿ. ಮುಂದಿನ ಸಲ ಕಾರ್ಖಾನೆಗೆ ಆಡಿಟ್‌ಗೆ ಹೋದಾಗ ಕ್ರೆಷ್ ಬಾಗಿಲು ತೆಗೆಸಿ ನೋಡಿ. ಎಷ್ಟು ಮಕ್ಕಳಿವೆ, ಎಷ್ಟು ವಯಸ್ಸಿನವರೆಗೆ ಸೇರಿಸಿಕೊಳ್ಳುತ್ತಾರೆ, ನೋಡಿಕೊಳ್ಳುವವರು ಎಷ್ಟು ಜನ ಅಂತ ಬರೆದುಕೊಳ್ಳಿ. ಆರ್ಡರ್ ಬೆಲೆ ಮಾತಾಡುವ ದಿನ ಆ ಹಾಳೆಯನ್ನು ಮೇಜಿನ ಮೇಲೆ ಇಡಿ. ಏನು ಉತ್ತರ ಬಂತು ಅಂತ ನನಗೆ ಮೆಸೇಜ್ ಮಾಡಿ, ನಿಮ್ಮ ಹೆಸರು ಎಲ್ಲೂ ಹೇಳುವುದಿಲ್ಲ.