ರೈಲು ನಿಲ್ಲಿಸಿದವನೂ ಅಡಿಕೆ ನೆನೆಸಿದವನೂ

ಅಕ್ಕನ ಮಗ ನಾಲ್ಕನೇ ಕ್ಲಾಸು. ಮೊನ್ನೆ ಊಟಕ್ಕೆ ಕೂತಲ್ಲಿ ಕೇಳಿದ, "ಮಾವ, ನಿನಗೆ ಭಾರೀ ಇಷ್ಟದ ಐದು ಸೂಪರ್‌ಹೀರೋ ಸಿನಿಮಾ ಯಾವುದು?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಅನ್ನಕ್ಕೆ ಸಾರು ಕಲಸುತ್ತಾ ಹೇಳಿದರು, "ಅವನತ್ರ ಎಂತ ಕೇಳುದು? ನನ್ನತ್ರ ಕೇಳು. ಯಾವ ಸಿನಿಮಾಕ್ಕೆ ಎಷ್ಟು ಲಾಸ್ ಆಗಿದೆ ಅಂತ ನಾನು ಹೇಳ್ತೇನೆ."

ಅವರು ಹೇಳಿದ್ದು ಸುಳ್ಳಲ್ಲ. ಬೇರೆಯವರಿಗೆ ಸಿನಿಮಾ ಅಂದ ಕೂಡಲೇ ಹಾಡೋ ಫೈಟೋ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಅದರಿಂದ ಹಾಳಾದ ಸಾಮಾನು ನೆನಪಾಗುತ್ತದೆ.

ಅಪ್ಪನ ಲೆಕ್ಕದಲ್ಲಿ ಒಂದನೇ ನಂಬರು 2004ರ ‘ಸ್ಪೈಡರ್‌ಮ್ಯಾನ್ 2’. ನನ್ನ ಲೆಕ್ಕದಲ್ಲೂ ಅದೇ. ನಾವಿಬ್ಬರು ಒಪ್ಪಿಕೊಂಡ ಒಂದೇ ವಿಷಯ ಬಹುಶಃ ಇದು.

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ನಮ್ಮ ಕಡೆ ಅಂಗಳ ಇರುವುದು ಅಡಿಕೆಗೆ. ಮನುಷ್ಯರು ಬದಿಯಲ್ಲಿ ಜಾಗ ಮಾಡಿಕೊಂಡು ನಡೆಯಬೇಕು. ಹಣ್ಣಡಿಕೆ ಸಿಪ್ಪೆ ಸಮೇತ 40–45 ದಿನ ಬಿಸಿಲು ತಿಂದರೆ ಚಾಲಿ ಆಗುತ್ತದೆ. ಅಷ್ಟು ದಿನ ಮನೆಯವರಲ್ಲಿ ಒಬ್ಬರು ಆಕಾಶ ನೋಡಿಕೊಂಡು ಇರಬೇಕು. ಅವತ್ತಿನ ಡ್ಯೂಟಿ ನನ್ನದು. ಅಪ್ಪ ಕುಂಬಳೆಗೆ ಹೋಗಿದ್ದರು, ಅಮ್ಮ ಒಂದು ಉಪನಯನಕ್ಕೆ. ಫೆಬ್ರವರಿ ತಿಂಗಳು. ಫೆಬ್ರವರಿಯಲ್ಲಿ ಯಾವ ಮಳೆ ಅಂತ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತೆ.

ಆ ಸಿನಿಮಾ ನನಗೆ ಯಾಕೆ ಅಷ್ಟು ಇಷ್ಟ ಅಂದರೆ, ಅದರಲ್ಲಿ ಹೀರೋಗೆ ಒಂದೂ ಸರಿಯಾಗಿ ಆಗುವುದಿಲ್ಲ. ಪಿಜ್ಜಾ ತಲುಪಿಸುವುದು ತಡವಾಗಿ ಶುರುವಿನಲ್ಲೇ ಕೆಲಸ ಹೋಗುತ್ತದೆ. ರೂಮಿನ ಬಾಡಿಗೆ ಬಾಕಿ. ಹೀರೋ ಡ್ರೆಸ್ಸನ್ನು ಬಿಳಿ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಬಣ್ಣ ಬಿಟ್ಟು ಎಲ್ಲ ಹಾಳು. ಶಕ್ತಿ ಕೈಕೊಟ್ಟು ಲಿಫ್ಟಿನಲ್ಲಿ ಇಳಿಯುವಾಗ, ಪಕ್ಕದಲ್ಲಿ ನಿಂತವನ ಹತ್ತಿರ ಈ ಡ್ರೆಸ್ಸು ತುರಿಸುತ್ತದೆ ಅಂತ ಹೇಳಿಕೊಳ್ಳುತ್ತಾನೆ ಪಾಪ. ಟೋಬಿ ಮಗ್ವಾಯರನ ಆ ಮುಖ ನೋಡಿದರೆ ನಮ್ಮ ಪೈಕಿಯವನೇ ಅನಿಸುತ್ತದೆ, ಅಲ್ವಾ?

ಹಾಗೆ ನೋಡುತ್ತಾ ರೈಲಿನ ಸೀನು ಬಂತು. ಬ್ರೇಕ್ ಇಲ್ಲದ ರೈಲು, ಮುಂದೆ ಹಳಿಯೇ ಮುಗಿಯುತ್ತದೆ. ಇವನು ರೈಲಿನ ಮುಂದೆ ನಿಂತು ಎರಡೂ ಬದಿಯ ಕಟ್ಟಡಗಳಿಗೆ ಬಲೆ ಎಸೆದು, ಹಲ್ಲು ಕಚ್ಚಿ ಎಳೆಯುತ್ತಿದ್ದಾನೆ. ಕಿವಿಯಲ್ಲಿ ದಬದಬ ಸದ್ದು. ಎಂಥಾ ಸೌಂಡ್ ಎಫೆಕ್ಟ್ ಅಂದುಕೊಂಡೆ. ರೈಲು ನಿಂತಿತು. ಸದ್ದು ನಿಲ್ಲಲಿಲ್ಲ.

ತಲೆ ಎತ್ತಿ ನೋಡಿದರೆ ಅಂಗಳದ ತುಂಬಾ ಮಳೆ.

ಓಡಿದೆ. ಟಾರ್ಪಾಲಿನ ಎರಡು ಮೂಲೆ ಎರಡು ಕೈಯಲ್ಲಿ, ಗಾಳಿ ಅದನ್ನು ತೋಟದ ಕಡೆಗೆ ಎಳೆಯುತ್ತಿದೆ, ಕಾಲಡಿಯಲ್ಲಿ ಅಡಿಕೆ ಗೋಲಿಯ ಹಾಗೆ ಉರುಳುತ್ತಿದೆ. ಭಂಗಿ ಮಾತ್ರ ಥೇಟ್ ರೈಲು ನಿಲ್ಲಿಸಿದವನದ್ದೇ. ನಾಲ್ಕು ಹೆಜ್ಜೆ ಹಾಗೇ ಜಾರಿಕೊಂಡು ಹೋಗಿ ಬೆನ್ನಡಿಯಾಗಿ ಬಿದ್ದೆ. ಸಿನಿಮಾದಲ್ಲಿ ಪ್ರಜ್ಞೆ ತಪ್ಪಿದ ಅವನನ್ನು ರೈಲಿನ ಜನ ತಲೆಯ ಮೇಲಿಂದ ಕೈಯಿಂದ ಕೈಗೆ ದಾಟಿಸಿ ಮೆಲ್ಲ ಮಲಗಿಸುತ್ತಾರೆ. ನನ್ನನ್ನು ನಮ್ಮ ನಾಯಿ ಬಂದು ಮೂಸಿ, ಒಳಗೆ ಹೋಗಿ ಜಗಲಿಯಲ್ಲಿ ಮಲಗಿತು.

ಸಂಜೆ ಅಪ್ಪ ಬಂದರು. ಒದ್ದೆ ಅಡಿಕೆಯನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ರಾತ್ರಿ ಊಟದ ಹೊತ್ತಿಗೆ ಮೆಲ್ಲ ಕೇಳಿದರು, "ಆ ಜೇಡನಿಗೆ ಓಡುವ ರೈಲು ನಿಲ್ಲಿಸ್ಲಿಕ್ಕೆ ಆಗ್ತದೆ. ನಿನಗೆ ಓಡದ ಅಡಿಕೆಗೆ ಟಾರ್ಪಾಲು ಹಾಕ್ಲಿಕ್ಕೆ ಆಗುದಿಲ್ವಾ?"

ಆ ವರ್ಷ ಚಾಲಿ ಆಗಬೇಕಾದ ಎಷ್ಟೋ ಅಡಿಕೆ ಕರಿಗೋಟಾಗಿ, ಅಂದರೆ ಹಾಳಾಗಿ ರೇಟು ಬಿದ್ದ ಅಡಿಕೆಯಾಗಿ ಹೋಯಿತು. ಈಗಲೂ ಅಂಗಡಿಯಲ್ಲಿ ಕರಿಗೋಟಿನ ರೇಟು ಕೇಳಿದಾಗೆಲ್ಲ ಅಪ್ಪ ನನ್ನ ಮುಖ ನೋಡುತ್ತಾರೆ.

ಎರಡನೆಯದ್ದು 2012ರ ‘ದಿ ಅವೆಂಜರ್ಸ್’. ಅದಕ್ಕೆ ಲಾಸ್ ಕಡಿಮೆ, ಒಂದು ರಿಮೋಟು ಅಷ್ಟೇ. ಒಂದು ಮಧ್ಯಾಹ್ನ ಟಿವಿಯಲ್ಲಿ ಬರುತ್ತಿದ್ದಾಗ ಅಜ್ಜ ಜೊತೆಗೆ ಕೂತಿದ್ದರು. ಅಜ್ಜ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು, ಸಾವಿರ ಆಟ ನೋಡಿದವರು. ಯಾರೇ ಬರಲಿ, ಮೊದಲು ವೇಷ ಯಾವುದು ಅಂತ ತೀರ್ಮಾನ ಆಗಬೇಕು. ಕೊಂಬಿನ ಕಿರೀಟದ ಲೋಕಿಯನ್ನು ನೋಡಿ ಎದ್ದು ಕೂತರು. "ಕಿರೀಟ ಅಡ್ಡಿಲ್ಲ. ಮುಖಕ್ಕೆ ಬಣ್ಣವೇ ಇಲ್ಲ ಅಲ್ಲ ಮಾರಾಯ." ಹಸಿರು ಹಲ್ಕ್ ಬಂದಾಗ ಸಮಾಧಾನ ಆಯಿತು. "ಇವ ಬಣ್ಣದ ವೇಷ, ರಾಕ್ಷಸ. ಅಬ್ಬರ ನೋಡು!"

ಕೊನೆಗೆ ಲೋಕಿ ಹಲ್ಕ್‌ನ ಎದುರು ನಿಂತು, ನಾನು ದೇವರು, ನೀವೆಲ್ಲ ನನ್ನ ಕಾಲಡಿ ಅಂತ ಶುರು ಮಾಡುತ್ತಾನಲ್ಲ. ಮಾತು ಮುಗಿಯುವ ಮೊದಲೇ ಹಲ್ಕ್ ಅವನ ಕಾಲು ಹಿಡಿದು ಬಟ್ಟೆ ಒಗೆದ ಹಾಗೆ ನೆಲಕ್ಕೆ ಬಡಿಯುತ್ತಾನೆ. ಅಜ್ಜ ಖುಷಿಯಲ್ಲಿ ತೊಡೆ ತಟ್ಟಿದರು. ತೊಡೆಯ ಮೇಲೆ ರಿಮೋಟು ಇತ್ತು. ಅದು ಹಾರಿ ಕಂಬಕ್ಕೆ ಬಡಿದು ಎರಡಾಯಿತು. ಅಜ್ಜ ಅದನ್ನು ನೋಡಲೂ ಇಲ್ಲ. "ಅರ್ಥಗಾರಿಕೆ ಉದ್ದ ಆದರೆ ಹೀಗೇ ಆಗುದು" ಅಂದರು. ಆ ಸೀನಿಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಅಮ್ಮನಿಗೆ ಮಾತ್ರ ಈ ಸಿನಿಮಾಗಳ ಕೊನೆಯ ಅರ್ಧ ಗಂಟೆ ಆಗುವುದಿಲ್ಲ. ಕಟ್ಟಡಗಳು ಬೀಳುತ್ತಿದ್ದ ಹಾಗೆ ಅವರದ್ದು ಒಂದೇ ಪ್ರಶ್ನೆ: "ಇದನ್ನೆಲ್ಲ ಯಾರು ಗುಡಿಸುದು?" ನನಗೂ ಈಗೀಗ ಹಾಗೇ ಅನಿಸುತ್ತದೆ. ಊರು ಪುಡಿಯಾಗುವ ಸಿನಿಮಾಗಳು ಯಾವುದೂ ನನ್ನ ಪಟ್ಟಿಯಲ್ಲಿ ಮೇಲೆ ಬರುವುದಿಲ್ಲ. ‘ಅವೆಂಜರ್ಸ್’ ಬಂದದ್ದು ಅಜ್ಜನಿಂದಾಗಿ.

2019ರ ‘ಎಂಡ್‌ಗೇಮ್’ನ ಕಥೆ ಬೇರೆ. ಅದಕ್ಕೆ ನಾವು ಮೂವರು ಗೆಳೆಯರು ಮಂಗಳೂರಿಗೇ ಹೋದೆವು. ಸಿನಿಮಾ 181 ನಿಮಿಷ. ಸಂಜೆ ಆರೂವರೆಯ ಶೋ. ಮುಗಿದ ಕೂಡಲೇ ಓಡಿದರೆ ಕೊನೆಯ ಬಸ್ಸು ಸಿಗುತ್ತದೆ ಅಂತ ಲೆಕ್ಕ ಹಾಕಿದ್ದೆವು. ಲೆಕ್ಕ ಸರಿಯೇ ಇತ್ತು. ಆದರೆ ಮಾರ್ವೆಲ್ ಸಿನಿಮಾ ನೋಡಿ ಅಭ್ಯಾಸ ಇದ್ದವರಿಗೆ ಒಂದು ರೋಗ ಇದೆ. ಹೆಸರುಗಳೆಲ್ಲ ಮುಗಿದ ಮೇಲೆ ಒಂದು ತುಂಡು ಸೀನು ಇರುತ್ತದೆ ಅಂತ ಕೂರುವುದು. ಆ ಸಿನಿಮಾಕ್ಕೆ ಕೆಲಸ ಮಾಡಿದವರು ಎಷ್ಟು ಜನ ಅಂತೀರಿ! ಹೆಸರು ಬರುತ್ತಲೇ ಇದೆ. ಕಸ ತೆಗೆಯಲು ಬಂದ ಹುಡುಗ ಪೊರಕೆ ಹಿಡಿದು ನಮ್ಮನ್ನೇ ನೋಡುತ್ತಾ ನಿಂತಿದ್ದಾನೆ. ನಾವು ಅಲುಗಲಿಲ್ಲ.

ಕೊನೆಯ ಹೆಸರೂ ಹೋಯಿತು. ಪರದೆ ಕಪ್ಪಾಯಿತು. ಟಣ್, ಟಣ್, ಟಣ್ ಅಂತ ಕಬ್ಬಿಣ ಬಡಿಯುವ ಸದ್ದು ಕೇಳಿತು. ಅಷ್ಟೇ. ಸೀನು ಇಲ್ಲ. 2008ರ ಮೊದಲ ‘ಐರನ್ ಮ್ಯಾನ್’ನಲ್ಲಿ ಟೋನಿ ಸ್ಟಾರ್ಕ್ ಗುಹೆಯೊಳಗೆ ಕೂತು ತನ್ನ ಕವಚ ಬಡಿದು ಮಾಡುತ್ತಾನಲ್ಲ, ಅದೇ ಸದ್ದು. ನನಗೆ ಗಂಟಲು ಕಟ್ಟಿತು. ಗೆಳೆಯರಲ್ಲಿ ಒಬ್ಬ ವಾಚು ನೋಡಿದ. ಅವನಿಗೂ ಗಂಟಲು ಕಟ್ಟಿತು.

ಬಸ್ಸು ಹೋಗಿತ್ತು. ಹೇಗೋ ತಲಪಾಡಿಯವರೆಗೆ ಬಂದೆವು. ರಾತ್ರಿಯ ಹೊತ್ತು ಗಡಿಯಲ್ಲಿ ನಿಂತರೆ ಕರ್ನಾಟಕದವರಿಗೂ ನಾವು ಬೇಡ, ಕೇರಳದವರಿಗೂ ಬೇಡ. ಒಬ್ಬ ರಿಕ್ಷಾದವ ಒಪ್ಪಿದ. ಸಾವಿರ ರೂಪಾಯಿ. ಚೌಕಾಸಿಗೆ ಮೂರು ಭಾಷೆ ಖರ್ಚು ಮಾಡಿದೆವು, ಅವನು ಮೂರರಲ್ಲೂ ಸಾವಿರವೇ ಹೇಳಿದ. ಕುಂಬಳೆ ದಾಟುವಾಗ ಕೇಳಿದ, "ಎಲ್ಲಿಗೆ ಹೋಗಿದ್ರಿ ಇಷ್ಟೊತ್ತು?" ಸಿನಿಮಾಕ್ಕೆ ಅಂದೆವು. ತಡ ಯಾಕೆ ಆಯಿತು ಅಂದ. ಟಣ್ ಟಣ್ ಕೇಳಲಿಕ್ಕೆ ನಿಂತದ್ದು ಅಂತ ಹೇಗೆ ಹೇಳುವುದು? ಸುಮ್ನೆ ಕೂತೆವು.

‘ಮಿನ್ನಲ್ ಮುರಳಿ’ಗಾದರೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. 2021ರ ಡಿಸೆಂಬರ್ 24ರಂದು ಅದು ನೇರ ನೆಟ್‌ಫ್ಲಿಕ್ಸ್‌ಗೆ ಬಂತು. ಬೇಸಿಲ್ ಜೋಸೆಫ್ ಮಾಡಿದ್ದು. ಟೊವಿನೋ ಥಾಮಸ್ ಅದರಲ್ಲಿ ಟೈಲರ್. ಸಿಡಿಲು ಹೊಡೆದು ಶಕ್ತಿ ಬರುತ್ತದೆ. ಊರಿನ ಹೆಸರು ಕುರುಕ್ಕನ್‌ಮೂಲ, ಅಂದರೆ ನರಿಮೂಲೆ. ನಮ್ಮ ಕಡೆ ಊರಿನ ಹೆಸರು ಅಡ್ಕ ಅಲ್ಲದಿದ್ದರೆ ಪದವು, ಪದವು ಅಲ್ಲದಿದ್ದರೆ ಮೂಲೆ. ಹೀಗೆ ಪಕ್ಕದ ಗುಡ್ಡೆಯ ಆಚೆ ನಡೆದ ಕಥೆಯ ಹಾಗೆಯೇ ಕಂಡಿತು. ಮುಂಡು ಸುತ್ತಿ, ಮುಖಕ್ಕೆ ಬಟ್ಟೆ ಕಟ್ಟಿ ಪೊಲೀಸರಿಗೆ ಹೊಡೆಯುವವನನ್ನು ನ್ಯೂಯಾರ್ಕಿನವರು ಎಲ್ಲಿಂದ ತರಬೇಕು? ಅದರ ವಿಲನ್ ಶಿಬು, ಚಹಾದಂಗಡಿಯಲ್ಲಿ ಕೆಲಸ ಮಾಡುವ ಪಾಪದವ. ಗುರು ಸೋಮಸುಂದರಂ ಅವನಾಗಿ ಅತ್ತಾಗ ನಾನು ಹೀರೋನ ಪಕ್ಷ ಬಿಟ್ಟೆ.

ಮನೆಯಲ್ಲಿ ಭಾಷೆಯ ಜಗಳ ಆಯಿತು. ಅಮ್ಮನಿಗೆ ಕನ್ನಡ ಡಬ್ಬಿಂಗ್ ಬೇಕು, ಭಾವನಿಗೆ ಮಲೆಯಾಳವೇ ಬೇಕು. ಅರ್ಧ ಅದು, ಅರ್ಧ ಇದು ಅಂತ ರಾಜಿ ಆಯಿತು. ಆದರೆ ಲಾಸ್ ಆದದ್ದು ಅವತ್ತಲ್ಲ. ಮರುವರ್ಷ ಅಕ್ಟೋಬರಿನಲ್ಲಿ ಅಳಿಯ ಇನ್ನೊಮ್ಮೆ ಹಾಕು ಅಂತ ಹಠ ಹಿಡಿದ. ತುಲಾ ತಿಂಗಳ ಸಂಜೆ ಮಳೆ, ಗುಡುಗು. ಪ್ಲಗ್ ತೆಗಿ ಅಂತ ಅಮ್ಮ ಒಳಗಿಂದ ಮೂರು ಸಲ ಹೇಳಿದರು. ಸಿನಿಮಾದಲ್ಲಿ ಸಿಡಿಲು ಹೊಡೆಯುವ ಸೀನು ಮುಗಿಯಲಿ ಅಂತ ನಾನು. ಅದು ಹೊಡೆಯಿತು. ಹಿಂದೆಯೇ ನಿಜವಾದದ್ದೂ ಹೊಡೆಯಿತು. ಗೋಡೆಯಲ್ಲಿ ಟಪ್ ಅಂತ ನೀಲಿ ಬೆಳಕು, ಪ್ಲಾಸ್ಟಿಕ್ ಸುಟ್ಟ ವಾಸನೆ. ಮೋಡೆಮ್ ಹೋಯಿತು, ಫ್ಯಾನಿನ ರೆಗ್ಯುಲೇಟರ್ ಹೋಯಿತು.

ಮರುದಿನ ಅಳಿಯ ಸುಟ್ಟ ಮೋಡೆಮ್ಮನ್ನು ಮೆಟ್ಟಿಲ ಮೇಲಿಟ್ಟು ದೂರ ನಿಂತು ನೋಡುತ್ತಿದ್ದ. ಎಂತ ಮಾಡ್ತಿದ್ದಿ ಅಂದೆ. "ಪವರ್ ಬಂದಿದೆಯಾ ಅಂತ ನೋಡುದು."

ಐದನೆಯದ್ದಕ್ಕೆ ನಾನು ‘ದಿ ಡಾರ್ಕ್ ನೈಟ್’ ಅಂದೆ. 2008ರದ್ದು. ಹೀತ್ ಲೆಡ್ಜರ್ ಜೋಕರ್ ಆಗಿ ನಾಲಗೆಯಿಂದ ತುಟಿ ಸವರಿಕೊಳ್ಳುವುದನ್ನು ನೋಡಿದರೆ ಈಗಲೂ ಬೆನ್ನು ತಣ್ಣಗಾಗುತ್ತದೆ. ಸಿನಿಮಾ ಬರುವ ಮೊದಲೇ ತೀರಿಕೊಂಡ, ಆಸ್ಕರ್ ಆಮೇಲೆ ಬಂತು. ಕಾಮಿಕ್ಸಿನಲ್ಲಿ ರಾಬಿನ್ ಅನ್ನುವ ಹುಡುಗನನ್ನು ಜೊತೆಗಿಟ್ಟುಕೊಂಡು ತಿರುಗುವ ಈ ಬ್ಯಾಟ್‌ಮ್ಯಾನ್ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ಅವನ ಶಕ್ತಿ ದುಡ್ಡು. ನಮ್ಮ ಊರಿನಲ್ಲೂ ಆ ಶಕ್ತಿ ಇದ್ದವರಿದ್ದಾರೆ, ಅವರು ಎರಡು ಮಾಳಿಗೆಯ ಮನೆ ಕಟ್ಟಿಸಿ, ಬೀಗ ಹಾಕಿ ಗಲ್ಫಿಗೆ ಹೋಗುತ್ತಾರೆ.

ಆದರೂ ಎರಡು ವರ್ಷದ ಹಿಂದೆ ಶಾಲೆಯ ಛದ್ಮವೇಷಕ್ಕೆ ಅಳಿಯನನ್ನು ಬ್ಯಾಟ್‌ಮ್ಯಾನ್ ಮಾಡಿದ್ದು ನಾನೇ. ಪೇಟೆಯ ಟೈಲರ್ ಹತ್ತಿರ ಫೋಟೋ ತೋರಿಸಿದೆ. ಅವರು ನೋಡಿ, ಕೊಡೆ ಬಟ್ಟೆ ಆಗಬಹುದು ಅಂದರು. ಹಳೆಯ ಮೂರು ಕೊಡೆ ಬಿಚ್ಚಿ ಹೊಲಿದರು. ಅಂಚು ಕೊಡೆಯದ್ದೇ, ಹಾಗಾಗಿ ಬಾವಲಿಯ ರೆಕ್ಕೆ ಬಹಳ ಚಂದ ಬಂತು. ಕಿವಿ ಸ್ವಲ್ಪ ಉದ್ದವಾಯಿತು. 2004ರ ‘ದಿ ಇನ್‌ಕ್ರೆಡಿಬಲ್ಸ್’ ಅನ್ನುವ ಕಾರ್ಟೂನಿನಲ್ಲಿ ಹೀರೋಗಳಿಗೆ ಬಟ್ಟೆ ಹೊಲಿಯುವ ಒಬ್ಬಳು ಗಿಡ್ಡ ಹೆಂಗಸು ಬೆನ್ನಿಗೆ ಬಟ್ಟೆ ಬೇಡವೇ ಬೇಡ ಅಂತ ಹಠ ಹಿಡಿಯುತ್ತಾಳೆ, ಅದು ಎಲ್ಲಾದರೂ ಸಿಕ್ಕಿಕೊಂಡು ಜೀವ ಹೋಗುತ್ತದೆ ಅಂತ. ಅವಳ ಮಾತು ನನಗೆ ನೆನಪಾದದ್ದು, ಅಳಿಯ ಸ್ಟೇಜಿಗೆ ಹತ್ತುವಾಗ ಬೆಂಚಿನ ಮೊಳೆಗೆ ರೆಕ್ಕೆ ಸಿಕ್ಕಿಕೊಂಡ ಮೇಲೆ. ಎರಡು ಹೆಜ್ಜೆ ಬೆಂಚೂ ಅವನ ಜೊತೆ ಬಂತು.

ಮೈಕಿನಲ್ಲಿ ಟೀಚರು ಹೇಳಿದರು, "ಮುಂದಿನ ಸ್ಪರ್ಧಿ, ಬಾವಲಿ." ಪ್ರಾಣಿ–ಪಕ್ಷಿ ವಿಭಾಗದಲ್ಲಿ ಅವನಿಗೆ ಮೂರನೇ ಬಹುಮಾನ. ಒಂದು ಸ್ಟೀಲ್ ಬಟ್ಟಲು. ಒಂದನೆಯದ್ದು ಒಂದು ಆಮೆಗೆ ಹೋಯಿತು.

"ಲಾಸ್ ಮೂರು ಕೊಡೆ, ಮತ್ತೆ ಹೊಲಿದ ಮಜೂರಿ" ಅಂದರು ಅಪ್ಪ, ಕೈ ತೊಳೆಯುತ್ತಾ. "ಆದರೆ ಅದೊಂದು ಉಪಯೋಗಕ್ಕೆ ಬಂತು."

ಬಂದದ್ದು ಹೌದು. ಆ ಬೇಸಿಗೆ ಮಂಗಗಳ ಕಾಟ ಜಾಸ್ತಿ ಇತ್ತು. ಅಪ್ಪ ಬಾಳೆಯ ನಡುವೆ ಎರಡು ಗಳು ನೆಟ್ಟು, ಬ್ಯಾಟ್‌ಮ್ಯಾನಿನ ಅಂಗಿ ತೊಡಿಸಿ, ಒಳಗೆ ಬೈಹುಲ್ಲು ತುಂಬಿ ಬೆರ್ಚಪ್ಪ ಮಾಡಿದರು. ತಲೆಗೆ ಮಡಕೆ, ಮಡಕೆಯ ಮೇಲೆ ಆ ಉದ್ದ ಕಿವಿ. ಎರಡು ದಿನ ಒಂದೇ ಒಂದು ಮಂಗ ಬರಲಿಲ್ಲ. ಅಪ್ಪ ಮೊದಲ ಸಲ ಸೂಪರ್‌ಹೀರೋಗಳ ಬಗ್ಗೆ ಒಳ್ಳೆಯ ಮಾತಾಡಿದರು.

ಮೂರನೇ ದಿನ ಬೆಳಿಗ್ಗೆ ನಾನೂ ಅಳಿಯನೂ ಹೋಗಿ ನೋಡಿದರೆ, ಬೆರ್ಚಪ್ಪನ ಹೆಗಲ ಮೇಲೆ ಒಂದು ಮರಿಮಂಗ ಕೂತು ನಿಧಾನಕ್ಕೆ ಬಾಳೆಹಣ್ಣು ಸುಲಿಯುತ್ತಿತ್ತು.

ಅಳಿಯ ನನ್ನ ಕೈ ಹಿಡಿದು ಪಿಸುಗುಟ್ಟಿದ, "ಮಾವ, ರಾಬಿನ್ ಬಂದಿದ್ದಾನೆ."