ಮನೆಗೆ ಆಕ್ಸಿಜನ್ ಯಂತ್ರ ಉಚಿತ ಎಂಬ ಮೆಸೇಜ್ ಬಗ್ಗೆ ಸ್ಪಷ್ಟನೆ

'ಆಯುಷ್ಮಾನ್ ಕಾರ್ಡ್ ಇದ್ದರೆ ದಮ್ಮಿನ ರೋಗಿಗೆ ಮನೆಗೇ ಆಕ್ಸಿಜನ್ ಯಂತ್ರ ಫ್ರೀ' ಎಂಬ ಮೆಸೇಜ್ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ. ಇದನ್ನು ನಂಬಿ ಯಾರಿಗೂ ದುಡ್ಡು ಕೊಡಬೇಡಿ.

ಈ ಕಾರ್ಡ್ ಮುಖ್ಯವಾಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಿಗೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತಿಂಗಳುಗಟ್ಟಲೆ ಮನೆಯಲ್ಲಿ ನಡೆಯುವ ಆಕ್ಸಿಜನ್ ಅದರಲ್ಲಿ ಸೇರಿಲ್ಲ.

ಖಾಸಗಿ ವಿಮೆ ಇದ್ದವರು ಪಾಲಿಸಿಯಲ್ಲಿ 'ಮನೆಯಲ್ಲಿ ಚಿಕಿತ್ಸೆ' ಎಂಬ ಭಾಗವನ್ನು ಪೂರ್ತಿ ಓದಿ. ಎಷ್ಟೋ ಪಾಲಿಸಿಗಳಲ್ಲಿ ಅಸ್ತಮಾ, ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ) ಹೆಸರು ಹಿಡಿದೇ ಹೊರಗಿಟ್ಟಿರುತ್ತಾರೆ.

ಮನೆಯ ಆಕ್ಸಿಜನ್ ಖರ್ಚನ್ನು ವಿಮೆಯಲ್ಲಿ ಕೊಡೋಕೆ ಆಗೋದೇ ಇಲ್ಲ ಅಂತಲ್ಲ. ಕೋವಿಡ್ ಚಿಕಿತ್ಸೆಗೆಂದೇ 2020ರಲ್ಲಿ ಬಂದ ಕೊರೊನಾ ಕವಚ್ ವಿಮಾ ಪಾಲಿಸಿಯಲ್ಲಿ ಮನೆ ಚಿಕಿತ್ಸೆಗೆ 14 ದಿನದವರೆಗೆ ಆಕ್ಸಿಜನ್ ಸಿಲಿಂಡರ್, ನೆಬ್ಯುಲೈಜರ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಖರ್ಚೂ ಸೇರಿತ್ತು. ಶ್ವಾಸಕೋಶ ಸೋತು ರಕ್ತದಲ್ಲಿ ಆಕ್ಸಿಜನ್ ಸದಾ ತೀರಾ ಕಡಿಮೆ ಇರುವವರಿಗೆ ವೈದ್ಯರು ದಿನಕ್ಕೆ ಕನಿಷ್ಠ 15 ತಾಸು ಆಕ್ಸಿಜನ್ ಹೇಳುತ್ತಾರೆ. ಅಷ್ಟು ಹೊತ್ತು ಯಂತ್ರ ಓಡಿದರೆ ಕರೆಂಟ್ ಬಿಲ್ಲೇ ಎಷ್ಟಾಗುತ್ತೆ ನೋಡಿ! ಶಹಾಬಾದ್ ಕಲ್ಲಿನ ಧೂಳಿನಲ್ಲಿ ದುಡಿಯುವವರ ಜಿಲ್ಲೆ ಇದು. ಈ ಖರ್ಚು ವಿಮೆಯಲ್ಲಿ ಬರಲೇಬೇಕು ಎಂದು ನಾವು ಕೇಳಬೇಕು.

ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ತಗೊಳ್ಳಿ. ಮೊದಲು ಕಂಪನಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಬರೆಯಿರಿ. ಶುಲ್ಕ ಇಲ್ಲ, ವಕೀಲರೂ ಬೇಡ.